ಹಳೇ ಔಟ್‌ಬೋರ್ಡ್ ಗೇರ್ ಬಿಗಿಯಾಗಿದೆಯಾ? ಮೊದಲು ಕೇಬಲ್ ಬಿಡಿಸಿ ನೋಡಿ

ದೋಣಿಯ ಹಿಂಬದಿಗೆ ಹೊರಗಡೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ನ ಗೇರ್ ಬಿಗಿಯಾಯಿತು ಅಂತ ತಕ್ಷಣ ಗೇರ್‌ಬಾಕ್ಸ್ ಬಿಚ್ಚಬೇಡಿ. ಉಪ್ಪುನೀರಲ್ಲಿ ಓಡುವ ಹಳೇ ಎಂಜಿನ್‌ಗಳಲ್ಲಿ ತೊಂದರೆ ಎಷ್ಟೋ ಸಲ ಮೇಲ್ಗಡೆಯೇ ಇರುತ್ತದೆ.

ಎಂಜಿನ್ ಆಫ್ ಮಾಡಿ, ಪ್ಲಗ್ ವೈರ್ ಕಳಚಿಡಿ. ರಿಮೋಟ್ ಕಂಟ್ರೋಲ್ (ಎಂಜಿನ್‌ನಿಂದ ದೂರ ಕೂತು ಕೇಬಲ್ ಮೂಲಕ ಗೇರ್ ಹಾಕುವ ಲಿವರ್ ಬಾಕ್ಸ್) ಇದ್ದರೆ ಎಂಜಿನ್ ಕಡೆಯ ಗೇರ್ ಕೇಬಲ್ ತುದಿ ಬಿಡಿಸಿ ಆ ಬಾಕ್ಸ್‌ನ ಲಿವರ್ ಆಡಿಸಿ. ಆಗಲೂ ಬಿಗಿ ಅಂದ್ರೆ ದೋಷ ಕೇಬಲ್‌ನಲ್ಲಿ, ಇಲ್ಲವೇ ಕಂಟ್ರೋಲ್ ಬಾಕ್ಸ್‌ನಲ್ಲಿ. ಒಳಗೆ ತುಕ್ಕು ಹಿಡಿದ ಕೇಬಲ್‌ಗೆ ಸುಮ್ನೆ ಎಣ್ಣೆ ಬಿಡಬೇಡಿ. ನಾಲ್ಕು ದಿನ ಸಲೀಸು, ಆಮೇಲೆ ಅದೇ ಕಥೆ. ಅದೇ ಅಳತೆಯ ಹೊಸದು ಹಾಕಿ, ಎಲ್ಲೂ ಜಾಸ್ತಿ ಬಾಗದಂತೆ ಎಳೆಯಿರಿ.

ನಾಡದೋಣಿಯ ಟಿಲ್ಲರ್ ಎಂಜಿನ್‌ಗೆ (ಎಂಜಿನ್‌ಗೇ ಇರುವ ಹಿಡಿ ಹಿಡಿದು ತಿರುಗಿಸುವಂಥದ್ದು) ಸಾಮಾನ್ಯವಾಗಿ ಈ ಕೇಬಲ್ ಇರುವುದಿಲ್ಲ. ಅಲ್ಲಿ ಗೇರ್ ಲಿವರ್ ತಿರುಗುವ ಬುಶ್ ನೋಡಿ. ಉಪ್ಪು, ಬಿಳಿ ಪುಡಿ ಕಟ್ಟಿಕೊಂಡಿರುತ್ತದೆ. ಬಿಚ್ಚಿ, ಉಜ್ಜಿ, ನೀರಿಗೆ ತೊಳೆದುಹೋಗದ ಮರೈನ್ ಗ್ರೀಸ್ ಹಾಕಿ.

ಇನ್ನೊಂದು, ನಿಂತ ಎಂಜಿನ್‌ನಲ್ಲಿ ಗೇರ್ ಬೀಳದಿದ್ದರೆ ಬಲ ಹಾಕಬೇಡಿ. ಒಳಗೆ ಕ್ಲಚ್ ಹಲ್ಲಿಗೆ ಹಲ್ಲು ಅಡ್ಡ ನಿಂತಿರುತ್ತದೆ, ಅಷ್ಟೇ. ಒಬ್ಬರು ಕೈಯಲ್ಲಿ ಫ್ಯಾನ್ (ಪ್ರೊಪೆಲ್ಲರ್) ನಿಧಾನಕ್ಕೆ ತಿರುಗಿಸಲಿ, ಇನ್ನೊಬ್ಬರು ಲಿವರ್ ಒತ್ತಲಿ. ಟಕ್ ಅಂತ ಬೀಳುತ್ತದೆ.

ಇಷ್ಟಾದರೂ ಬಿಗಿಯಾ? ಗೇರ್‌ಬಾಕ್ಸ್‌ನ ಕೆಳಗಿನ ಸ್ಕ್ರೂ ಸಡಿಲಿಸಿ ಗೇರ್ ಆಯಿಲ್ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ನುಗ್ಗಿದೆ, ಸೀಲ್ ಹೋಗಿದೆ. ಲೋಹದ ಚೂರು ಕಂಡರೆ ಮೆಕ್ಯಾನಿಕ್‌ಗೇ ಬಿಡಿ.

ಓಡುವಾಗ ಮಾತ್ರ ಗೇರ್ ಕಷ್ಟ ಅಂದ್ರೆ ಐಡಲ್ (ಆಕ್ಸಿಲರೇಟರ್ ಕೊಡದಾಗಿನ ಎಂಜಿನ್ ವೇಗ) ಜಾಸ್ತಿ ಇದೆಯಾ ಅಂತಲೂ ನೋಡಿ.