ದುಡ್ಡು ಯಾವ ತಿಂಗಳು ಬೇಕು?

ಹಾಸನದಲ್ಲಿ ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಊರಾಚೆ ಇದ್ದ ಒಂದು ಸೈಟು ಮಾರಿದೆವು. ಬಂದ ದುಡ್ಡಲ್ಲಿ 40 ಲಕ್ಷ ಎತ್ತಿಟ್ಟು ಅಪ್ಪನ ಹೆಸರಲ್ಲಿ ಏನಾದ್ರೂ ಮಾಡೋಣ ಅಂದಿದ್ದು ಅಮ್ಮ. 2021ರಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ನೋಂದಣಿ ಆಯಿತು. ಅಮ್ಮ, ನಾನು, ಬೆಂಗಳೂರಲ್ಲಿರುವ ತಮ್ಮ, ಮೂವರೇ ಟ್ರಸ್ಟಿಗಳು. ದುಡ್ಡೆಲ್ಲ ಬ್ಯಾಂಕಿನಲ್ಲಿ ಎಫ್‌ಡಿ. ಬಡ್ಡಿ ವರ್ಷಕ್ಕೆ ಎರಡೂವರೆ ಲಕ್ಷದ ಆಸುಪಾಸು. ಅದನ್ನು ನಮ್ಮ ಜಿಲ್ಲೆಯ ಸಣ್ಣ ಸಣ್ಣ ಸಂಘಗಳ ಕೆಲಸಕ್ಕೆ ಕೊಡುವುದು ಅಂತ ತೀರ್ಮಾನ ಮಾಡಿದೆವು.

ಕೊಡುವುದು ಸುಲಭ ಅಂದುಕೊಂಡಿದ್ದೆ. ಮೊದಲ ವರ್ಷವೇ ಎಡವಿದೆ.

ಟ್ರಸ್ಟಿನ ಆದಾಯದಲ್ಲಿ ನೂರಕ್ಕೆ 85ರಷ್ಟು ಅದೇ ಹಣಕಾಸು ವರ್ಷದಲ್ಲಿ ಖರ್ಚಾಗಬೇಕು, ಆಗಲೇ ತೆರಿಗೆ ವಿನಾಯಿತಿ. ಇದನ್ನು ಆಡಿಟರ್ ಹೇಳಿದ್ದರು. ಆದರೆ ಯಾರಿಗೆ ಕೊಡೋಣ ಅಂತ ಯೋಚಿಸುವುದರಲ್ಲೇ ಜನವರಿ ಕಳೆಯಿತು, ಫೆಬ್ರವರಿಯೂ ಕಳೆಯಿತು. 2022ರ ಮಾರ್ಚ್ ಕೊನೆಯ ವಾರ ಓಡಾಡಿ ಮೂರು ಕಡೆ ಚೆಕ್ ಕೊಟ್ಟೆವು. ಅದರಲ್ಲಿ ಒಂದು ಸಕಲೇಶಪುರ ತಾಲ್ಲೂಕು ಹಾನುಬಾಳು ಕಡೆಯ ಒಂದು ಯುವಕ ಸಂಘಕ್ಕೆ. ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರುವ ಮಕ್ಕಳಿಗೆ ಅವರು ಸಂಜೆ ಪಾಠ ಮಾಡಿಸುತ್ತಿದ್ದರು.

ಮೂರು ತಿಂಗಳೊಳಗೆ ಲೆಕ್ಕ, ಬಿಲ್ಲು, ಫೋಟೋ ಕಳಿಸಬೇಕು ಅಂತ ನಮ್ಮ ಪತ್ರದಲ್ಲಿತ್ತು. ಕಳಿಸಿದರು. ಎಲ್ಲ ಸರಿಯಾಗಿತ್ತು. ಜುಲೈನಲ್ಲಿ ನೋಡಿಕೊಂಡು ಬರೋಣ ಅಂತ ಹೋದೆ. ಜೋರು ಮಳೆ. ಪಾಠದ ಕೋಣೆಯಲ್ಲಿ ಎರಡು ಹೊಸ ಕಬ್ಬಿಣದ ಬೀರು ನಿಂತಿದ್ದವು. ಹಿಡಿಕೆಗೆ ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಬೀಗದ ಕೈ ದಾರ ಕಟ್ಟಿಕೊಂಡು ಹಾಗೇ ನೇತಾಡುತ್ತಿತ್ತು. ಕೆಳಗಡೆ ತಂಡಿಗೆ ಆಗಲೇ ತುಕ್ಕು ಹಿಡಿಯಲು ಶುರುವಾಗಿತ್ತು. ಬಾಗಿಲು ತೆಗೆದು ನೋಡಿದರೆ ಒಳಗೆ ಒಂದು ಹಾಜರಿ ಪುಸ್ತಕ, ಅಷ್ಟೇ.

"ಮಕ್ಕಳೆಲ್ಲಿ?" ಅಂದೆ.

ಸಂಘದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. "ಮೇಡಂ, ಕಾಫಿ ಕೊಯ್ಲು ಮುಗೀತಲ್ವಾ. ಹೊರಗಿಂದ ಬಂದೋರೆಲ್ಲ ಊರಿಗೆ ಹೋದ್ರು. ನಿಮ್ಮ ಚೆಕ್ ಬಂದಾಗ ಇಲ್ಲಿ ಇದ್ದಿದ್ದು ಎಂಟೇ ಮಕ್ಕಳು. ದುಡ್ಡು ನವೆಂಬರ್‌ವರೆಗೆ ಬ್ಯಾಂಕಲ್ಲೇ ಇಡೋಣ ಅಂತಿದ್ವಿ. ನೀವು ಮೂರು ತಿಂಗಳಲ್ಲಿ ಲೆಕ್ಕ ಕೇಳಿದ್ರಿ."

ನವೆಂಬರಿನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ಯಲು ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಎಲ್ಲ ಜನ ಬರುತ್ತಾರೆ. ಅವರ ಜೊತೆ ಮಕ್ಕಳೂ ಬರುತ್ತವೆ. ಆ ನಾಲ್ಕು ತಿಂಗಳು ಪಾಠ ಹೇಳುವವರಿಗೆ ಸಂಬಳ ಬೇಕು, ಸಂಜೆ ಅವಲಕ್ಕಿಯೋ ಬಿಸ್ಕತ್ತೋ ಬೇಕು. ನಾವು ದುಡ್ಡು ಕೊಟ್ಟಿದ್ದು ಕೆಲಸ ಮುಗಿದ ಮೇಲೆ, ಲೆಕ್ಕ ಕೇಳಿದ್ದು ಮುಂದಿನ ಕೆಲಸ ಶುರುವಾಗುವ ಮೊದಲು. ಪಾಪ, ಅವರು ಬೀರು ತಂದಿಟ್ಟರು. ತಪ್ಪು ಅವರದಲ್ಲ, ನಮ್ಮ ಪತ್ರದ್ದು. ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪನ ಉದ್ರಿ ಪುಸ್ತಕ ನೆನಪಾಯಿತು.

ಮೇ ತಿಂಗಳು ಬಂದರೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಲಾರಿಗಳು ಹಾಸನದ ಎಪಿಎಂಸಿಗೆ ಬರುತ್ತವೆ. ರೈತರ ಕೈ ಖಾಲಿ ಇರುವುದು ಆಗಲೇ. ಅಪ್ಪ ಗೊಬ್ಬರ, ಔಷಧಿ ಎಲ್ಲ ಉದ್ರಿ ಕೊಡುತ್ತಿದ್ದರು. ಬಾಕಿ ಕೇಳುತ್ತಿದ್ದುದು ಆಲೂಗಡ್ಡೆ ಕಿತ್ತ ಮೇಲೆ, ಆಗಸ್ಟ್, ಸೆಪ್ಟೆಂಬರಿನಲ್ಲಿ. ಜೂನ್‌ನಲ್ಲಿ ಯಾರ ಮನೆ ಬಾಗಿಲಿಗೂ ಹೋದವರಲ್ಲ. ಅವರ ಹೆಸರಿನ ಟ್ರಸ್ಟಿನಲ್ಲಿ ನಾವು ಮಾರ್ಚ್ 31 ಒಂದನ್ನೇ ನೋಡಿಕೊಂಡು ಕೂತಿದ್ದೆವು.

ಆದರೂ ಬುದ್ಧಿ ಒಂದೇ ಸಲಕ್ಕೆ ಬರಲಿಲ್ಲ. ಅದೇ ಜುಲೈನಲ್ಲಿ ಅರಸೀಕೆರೆ ತಾಲ್ಲೂಕಿನ ಬಾಣಾವರದ ಕಡೆಯ ಒಂದು ಮಹಿಳಾ ಸಂಘಕ್ಕೆ ಗೋಕಟ್ಟೆ, ಅಂದರೆ ದನಕರು ನೀರು ಕುಡಿಯುವ ಕಟ್ಟೆ, ಹೂಳು ತೆಗೆಸಲು ದುಡ್ಡು ಮಂಜೂರು ಮಾಡಿದೆವು. ಸಂಘದ ಅಧ್ಯಕ್ಷೆ ಫೋನ್ ಮಾಡಿದರು. "ಅಕ್ಕ, ದುಡ್ಡು ಕೊಡ್ತೀವಿ ಅಂದ್ರಲ್ಲ, ಸಂತೋಷ. ಆದ್ರೆ ಕಟ್ಟೇಲಿ ನೀರು ಬಂದುಬಿಟ್ಟಿದೆ. ಜೆಸಿಬಿ ಇಳಿದ್ರೆ ಹೂತ್ಕೊಳುತ್ತೆ." ಆ ವರ್ಷ ಮೇ ತಿಂಗಳಲ್ಲೇ ಜೋರು ಮಳೆ ಆಗಿತ್ತು. ಹೂಳು ತೆಗೆಯುವ ಕಾಲ ಏಪ್ರಿಲ್, ಹೆಚ್ಚೆಂದರೆ ಮೇ ಮೊದಲ ವಾರ. ಆಗಲೇ ಕಟ್ಟೆ ಒಣಗಿರುತ್ತದೆ, ಹೊಲವೂ ಖಾಲಿ ಇರುತ್ತದೆ, ರಾಗಿ ಬಿತ್ತುವ ಮೊದಲು ಗೋಡು (ಕಟ್ಟೆಯ ಹೂಳು ಮಣ್ಣು) ಹೊಲಕ್ಕೆ ಹೊಡೆಯಬಹುದು. ಈ ಸಲ ನಾವು "ಹಾಗಾದ್ರೆ ಬೇರೆ ಏನಾದ್ರೂ ಮಾಡಿ" ಅನ್ನಲಿಲ್ಲ. ಕಾದೆವು.

2023ರ ಏಪ್ರಿಲ್‌ನಲ್ಲಿ ಕೆಲಸ ಆಯಿತು. ಮೊದಲೇ ಪಂಚಾಯ್ತಿಯಿಂದ ಒಪ್ಪಿಗೆ ಪತ್ರ ತೆಗೆದುಕೊಂಡಿದ್ದರು. ಜೆಸಿಬಿ ಬಾಡಿಗೆ ಮಾತ್ರ ನಮ್ಮದು, ಗೋಡು ಸಾಗಿಸುವ ಟ್ರಾಕ್ಟರ್ ಖರ್ಚು ರೈತರದು. ಗಂಟೆಗೆ 1,200ರಂತೆ 46 ಗಂಟೆ, ಒಟ್ಟು 55,200 ರೂಪಾಯಿ. ಅಧ್ಯಕ್ಷೆ ಏರಿ ಮೇಲಿನ ಹೊಂಗೆ ಮರದ ಕೆಳಗೆ ಕೂತು, ಮೊಮ್ಮಗನ ನೋಟ್‌ಬುಕ್ಕಿನಲ್ಲಿ ಒಂದು ಲೋಡಿಗೆ ಒಂದು ಗೆರೆ ಎಳೆಯುತ್ತಿದ್ದರು. ನಾಲ್ಕು ಗೆರೆ ನಿಲ್ಲಿಸಿ ಐದನೆಯದು ಅಡ್ಡ. 412 ಲೋಡು. ಮೊದಲ ದಿನ ಯಾರ ಹೊಲಕ್ಕೆ ಅನ್ನುವುದನ್ನು ಅವರೇ ತೀರ್ಮಾನಿಸಿದರು. ಸ್ವಂತ ಟ್ರಾಕ್ಟರ್ ಇರುವವರು ಆಮೇಲೆ ಬರಲಿ, ಇಲ್ಲದವರಿಗೆ ಮೊದಲು. ಅಂಥವರಿಗೆ ಟ್ರಾಕ್ಟರ್ ಬಾಡಿಗೆಗೆ ಅಂತ ಸಂಘದ ಉಳಿತಾಯದಿಂದ ಸಾಲ ಕೊಟ್ಟರು. ಇದನ್ನು ನಾವು ಹೇಳಿಕೊಟ್ಟಿದ್ದಲ್ಲ. ನಮಗೆ ಹೊಳೆಯುತ್ತಲೂ ಇರಲಿಲ್ಲ.

ಆ ವರ್ಷ ಬರ. ಕಟ್ಟೆ ತುಂಬಲಿಲ್ಲ. ನನಗೆ ತುಂಬಾ ಬೇಜಾರಾಗಿತ್ತು. 2024ರಲ್ಲಿ ಒಳ್ಳೆ ಮಳೆಯಾಗಿ ತುಂಬಿತು. ದೀಪಾವಳಿ ಹೊತ್ತಿಗೆ ಹೋದಾಗ ಎಮ್ಮೆಗಳು ನೀರಲ್ಲಿ ಮೂಗು ಮಾತ್ರ ಮೇಲೆ ಇಟ್ಟುಕೊಂಡು ಮಲಗಿದ್ದವು. ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ.

ಈಗ ನಾವು ಮಾಡುವ ರೀತಿ ಪೂರ್ತಿ ಬೇರೆ. ಅರ್ಜಿ ಕನ್ನಡದಲ್ಲಿ, ಒಂದೇ ಪುಟ. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಈ ದುಡ್ಡು ಯಾವ ತಿಂಗಳು ಕೈಗೆ ಬಂದರೆ ಕೆಲಸಕ್ಕೆ ಬರುತ್ತದೆ? ಲೆಕ್ಕ ಯಾವಾಗ ಕೊಡುತ್ತೀರಿ ಅನ್ನುವುದನ್ನೂ ಅವರೇ ಬರೆಯುತ್ತಾರೆ. ಮನೆಯ ಗೋಡೆಗೆ ಹಾಕಿದ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳುತ್ತೇವೆ. ನವೆಂಬರ್ ಮೊದಲ ವಾರ ಹಾನುಬಾಳು. ಮಾರ್ಚ್ ಹೊತ್ತಿಗೆ ಗೋಕಟ್ಟೆ ಮಾತುಕತೆ ಮುಗಿದಿರಬೇಕು. ಶಾಲೆಗೆ ಸಂಬಂಧಪಟ್ಟದ್ದು ಮೇ ಮುಗಿಯುವುದರೊಳಗೆ. ಎಫ್‌ಡಿಯನ್ನೂ ನಾಲ್ಕು ಭಾಗ ಮಾಡಿ, ಈ ತಿಂಗಳುಗಳಿಗೆ ಸರಿಯಾಗಿ ಬಡ್ಡಿ ಕೈಗೆ ಬರುವ ಹಾಗೆ ಇಟ್ಟಿದ್ದೇವೆ.

ಹಾಗಾದರೆ ಆ 85ರ ಲೆಕ್ಕ? ಇದನ್ನು ಮೊದಲೇ ಸರಿಯಾಗಿ ಕೇಳಿ ತಿಳಿದುಕೊಂಡಿದ್ದರೆ ಆ ಮಾರ್ಚ್ ಓಡಾಟವೇ ಇರುತ್ತಿರಲಿಲ್ಲ. ಕಾರಣ ಇದ್ದರೆ ಉಳಿದ ಆದಾಯವನ್ನು ಮುಂದಿನ ವರ್ಷ ಖರ್ಚು ಮಾಡುತ್ತೇವೆ ಅಂತ ಆದಾಯ ತೆರಿಗೆ ಇಲಾಖೆಗೆ ಗಡುವಿನೊಳಗೆ ಫಾರಂ ಸಲ್ಲಿಸಬಹುದು. ಇಂಥದ್ದೇ ಕೆಲಸಕ್ಕೆ ಅಂತ ಹೇಳಿ ಐದು ವರ್ಷದವರೆಗೆ ಕೂಡಿಡಲೂ ಬೇರೆ ಫಾರಂ ಇದೆ. ಸಣ್ಣ ಟ್ರಸ್ಟ್ ನಡೆಸುವವರು ಆಡಿಟರ್ ಹತ್ತಿರ ಇದನ್ನು ಡಿಸೆಂಬರಿನಲ್ಲೇ ಕೂತು ಮಾತಾಡಿ, ದಯವಿಟ್ಟು.

ಇನ್ನೂ ಒಂದು ವಿಷಯ. ಸಣ್ಣ ಸಂಘಗಳಲ್ಲಿ ಜಾಸ್ತಿ ಕಡೆ ಆದಾಯ ತೆರಿಗೆ ವಿನಾಯಿತಿಗೆ ಬೇಕಾದ ನೋಂದಣಿ (12ಎ ಅಂತಾರೆ) ಇರುವುದಿಲ್ಲ. ಅದಕ್ಕೆ ಅವರನ್ನು ಬಿಡಬೇಕಾಗಿಲ್ಲ. ನಾವು ಸಂಘದ ಖಾತೆಗೆ ದೇಣಿಗೆ ಹಾಕುವ ಬದಲು ಜೆಸಿಬಿ ಮಾಲೀಕರ ಬಿಲ್ಲನ್ನು, ಪಾಠ ಹೇಳುವ ಹುಡುಗಿಯ ಸಂಬಳವನ್ನು ನೇರ ಅವರವರ ಬ್ಯಾಂಕ್ ಖಾತೆಗೆ ಕಟ್ಟುತ್ತೇವೆ. ಆಗ ಅದು ನಮ್ಮ ಟ್ರಸ್ಟೇ ಮಾಡಿದ ಕೆಲಸ. ನಗದು ಬೇಡವೇ ಬೇಡ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದು ಖರ್ಚಿನ ಲೆಕ್ಕಕ್ಕೇ ಬರುವುದಿಲ್ಲ. ನೋಂದಣಿ ಇರುವ ಇನ್ನೊಂದು ಟ್ರಸ್ಟಿಗೆ ಕೊಟ್ಟರೂ 2023-24ರಿಂದ ಕೊಟ್ಟ ದುಡ್ಡಲ್ಲಿ ನೂರಕ್ಕೆ 85 ಮಾತ್ರ ಖರ್ಚು ಅಂತ ಲೆಕ್ಕ.

ಜಾತ್ರೆ ಫ್ಲೆಕ್ಸು, ಕ್ರಿಕೆಟ್ ಕಪ್ಪು ಇವಕ್ಕೆ ಇಲ್ಲ ಅನ್ನುತ್ತೇವೆ. ಬೇಜಾರು ಮಾಡಿಕೊಂಡವರಿದ್ದಾರೆ. ದೇವಸ್ಥಾನದ ಅನ್ನ ಸಂತರ್ಪಣೆಗೆ ಕೊಡದೆ ಅಮ್ಮನಿಗೆ ಮನಸ್ಸು ತಡೆಯುವುದಿಲ್ಲ. ಅದನ್ನು ತಮ್ಮದೇ ಪಿಂಚಣಿಯಿಂದ ಕೊಡುತ್ತಾರೆ.

ಹಾನುಬಾಳಿನ ಬೀರುಗಳು ಈಗಲೂ ಇವೆ. ಒಂದರಲ್ಲಿ ಸ್ಲೇಟು, ಪುಸ್ತಕ, ಅವಲಕ್ಕಿ ಡಬ್ಬ. ಇನ್ನೊಂದನ್ನು ಪಕ್ಕದ ಅಂಗನವಾಡಿಗೆ ಕೊಟ್ಟರಂತೆ. ಕಳೆದ ಕೊಯ್ಲಿನಲ್ಲಿ ಹೋದಾಗ ಕೋಣೆಯಲ್ಲಿ 31 ಮಕ್ಕಳಿದ್ದರು. ಒಂದು ಪುಟ್ಟ ಹುಡುಗಿ ಅಕ್ಷರ ಬರೆಯುವುದು ಬಿಟ್ಟು, ಬೀರಿನ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಆನೆ ಬರೆಯುತ್ತಿದ್ದಳು. ಟೀಚರ್ ಅಳಿಸಲು ಹೋದರು. ಇರಲಿ ಬಿಡಿ ಅಂದೆ.