ತೋಟದ ಆಫೀಸಿನ ಹಳೇ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದು

ನಾನು ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೇದನ್ನು ನಾನೇ ಮನೆಗೆ ತಂದೆ. ಡೆಲ್ ಆಪ್ಟಿಪ್ಲೆಕ್ಸ್ 7010, ಟವರ್ ಪೆಟ್ಟಿಗೆ, ಐ5 3470 ಪ್ರೊಸೆಸರ್, 4 ಜಿಬಿ ರ್‍ಯಾಮ್. ಪಿಯುಸಿ ಪರೀಕ್ಷೆ ಮುಗಿದ ದಿನ ಮಗ ಕೇಳಿದ್ದು ಒಂದೇ: "ಅಪ್ಪಾ, ಇದರಲ್ಲಿ ಜಿಟಿಎ 5 ಆಡೋ ಹಾಗೆ ಮಾಡೋಕಾಗುತ್ತಾ?"

ಆಗುತ್ತೆ. ಆ ಆಟ 2015ರಲ್ಲಿ ಪಿಸಿಗೆ ಬಂದಾಗ, ಚೆನ್ನಾಗಿ ಓಡಲು ಬೇಕಾದ ಪ್ರೊಸೆಸರ್ ಅಂತ ಕಂಪನಿಯವರು ಬರೆದಿದ್ದೇ ಐ5 3470. ಜೊತೆಗೆ 8 ಜಿಬಿ ರ್‍ಯಾಮ್, ಜಿಟಿಎಕ್ಸ್ 660 ಅನ್ನುವ ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಚಿತ್ರ ಮೂಡಿಸುವ ಕಾರ್ಡ್. ಅಂದರೆ ನಮ್ಮಲ್ಲಿ ಇಲ್ಲದ್ದು ರ್‍ಯಾಮ್ ಮತ್ತು ಕಾರ್ಡ್ ಮಾತ್ರ. ನೀವೂ ಮೊದಲು ನಿಮ್ಮ ಆಟಕ್ಕೆ ಏನೇನು ಬೇಕು ಅಂತ ಕಂಪನಿಯವರು ಕೊಟ್ಟ ಪಟ್ಟಿ ನೋಡಿ. ಪ್ರೊಸೆಸರೇ ಸಾಲದು ಅಂತ ಗೊತ್ತಾದರೆ ಕಾರ್ಡಿಗೆ ದುಡ್ಡು ಹಾಕಬೇಡಿ.

ಆಮೇಲೆ ಪೆಟ್ಟಿಗೆ ಬಿಚ್ಚಿ, ಒಳಗೆಲ್ಲ ಕರೆಂಟ್ ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. ಯಾವ ಕಾರ್ಡ್ ಅಂತ ತೀರ್ಮಾನ ಮಾಡುವುದು ಅದೇ. ನಮ್ಮದರಲ್ಲಿ 275 ವ್ಯಾಟ್ ಅಂತ ಇತ್ತು. ಕಾರ್ಡಿಗೆ ಹೆಚ್ಚಿನ ಕರೆಂಟ್ ಕೊಡಲು ಚುಚ್ಚುವ 6 ಪಿನ್ ವೈರ್ ಇರಲಿಲ್ಲ. ಕಾರ್ಡ್ ಕೂರುವ ಮದರ್‌ಬೋರ್ಡಿನ ಉದ್ದನೆಯ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಪಟ್ಟಿಯಲ್ಲಿದ್ದ ಜಿಟಿಎಕ್ಸ್ 660ಗೆ 140 ವ್ಯಾಟ್ ಬೇಕು. ಹಾಗಾಗಿ ಅದು ಆಗುವ ಮಾತಲ್ಲ. ಆದರೆ 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ ಅಷ್ಟೇ ಕೆಲಸವನ್ನು 75 ವ್ಯಾಟ್‌ನಲ್ಲಿ ಮಾಡುತ್ತದೆ. ನಮಗೆ ಬೇಕಿದ್ದುದು ಅದೇ.

ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ವೈರನ್ನು 6 ಪಿನ್ ಮಾಡುವ ಕನ್ವರ್ಟರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಸಾಟಾ ಪಿನ್ ತಾಳುವುದು 54 ವ್ಯಾಟ್, 6 ಪಿನ್ ಕಾರ್ಡ್ ಎಳೆಯುವುದು 75ರವರೆಗೆ. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಬಹುದು. ಮಕ್ಕಳು ಕೂರುವ ಕೋಣೆ ಅದು.

6 ಪಿನ್ ಬೇಡದ ಕಾರ್ಡುಗಳಲ್ಲಿ ಈಗ ನಾನಾದರೆ ಜಿಟಿಎಕ್ಸ್ 1650 ಹುಡುಕುತ್ತೇನೆ. 1050 ಟಿಐಗಿಂತ ವೇಗ ಜಾಸ್ತಿ. ಇನ್ನೊಂದು ಕಾರಣವೂ ಇದೆ. ಈ ಜಿಟಿಎಕ್ಸ್ ಚಿಪ್ಪುಗಳ ಕಂಪನಿ ಎನ್‌ವಿಡಿಯಾ 2025ರ ಅಕ್ಟೋಬರ್ ನಂತರ 1050 ಟಿಐ ಪೀಳಿಗೆಗೆ ಹೊಸ ಆಟಗಳ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ನಿಲ್ಲಿಸಿದೆ. ಹಳೇ ಆಟ ಆಡುವವರಿಗೆ ಅದರಿಂದ ತೊಂದರೆಯಿಲ್ಲ. 1650 ಕೊಳ್ಳುವಾಗ ಒಂದೇ ಎಚ್ಚರ: ಅದರಲ್ಲೂ ಕೆಲವಕ್ಕೆ 6 ಪಿನ್ ಇರುತ್ತದೆ, ತಿರುಗಿಸಿ ನೋಡಿ. ಎಎಂಡಿ ಕಂಪನಿಯ ಆರ್‌ಎಕ್ಸ್ 6400 ಕರೆಂಟ್ ಕಮ್ಮಿ ತಿನ್ನುತ್ತದೆ, ಆದರೆ ಸ್ಲಾಟಿನಲ್ಲಿ ಡೇಟಾ ಓಡುವ ದಾರಿಗಳಲ್ಲಿ (ಲೇನ್) ಬರೀ 4 ಬಳಸುತ್ತದೆ. ಹಳೇ ಬೋರ್ಡಿನಲ್ಲಿ ಅದರ ವೇಗ ಇಳಿಯುತ್ತದೆ. ಜಿಟಿ 710, ಜಿಟಿ 730 ಆಟಕ್ಕಲ್ಲ, ಸುಮ್ನೆ ದುಡ್ಡು ದಂಡ. ನಿಮ್ಮದು ತೆಳು ಪೆಟ್ಟಿಗೆಯಾದರೆ ಅರ್ಧ ಎತ್ತರದ ಕಾರ್ಡೇ ಬೇಕು. ಸ್ಕೇಲ್ ಹಿಡಿದು ಅಳೆಯಿರಿ.

ಈಗ ನಾನು ಮೋಸ ಹೋದ ಕಥೆ ಹೇಳಬೇಕು. ನಮ್ಮ ಹಳೇ ಮಾನಿಟರ್‌ಗೆ ಇದ್ದಿದ್ದು ನೀಲಿ ಬಣ್ಣದ ವಿಜಿಎ ಕೇಬಲ್ ಒಂದೇ. ಆನ್‌ಲೈನ್‌ನಲ್ಲಿ ಒಬ್ಬರು 1050 ಟಿಐ ಮಾರಾಟಕ್ಕೆ ಇಟ್ಟಿದ್ದರು. ಫೋಟೋದಲ್ಲಿ ವಿಜಿಎ ಪೋರ್ಟ್ ಕಂಡಿತು. ಕೇಬಲ್ ಖರ್ಚು ಉಳಿಯಿತು ಅಂತ ಖುಷಿಯಿಂದ 4,500 ರೂಪಾಯಿ ಕೊಟ್ಟೆ. ಹಾಕಿ ನೋಡಿದರೆ ಆಟ ತೆವಳುತ್ತಿತ್ತು. ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದಾಗ ಕಾರ್ಡಿನ ಹೆಸರಿಗೆ ಮೊದಲು 'ಫೇಕ್' ಅಂತ ತೋರಿಸಿತು. ಹಳೇ ಕಾಲದ ಚಿಪ್ಪಿಗೆ ಹೊಸ ಹೆಸರು ತುಂಬಿ ಮಾರಿದ್ದರು. ದುಡ್ಡು ವಾಪಸ್ ಬರಲಿಲ್ಲ. ಆ ಸಂಜೆ ಮಗ ಏನೂ ಮಾತಾಡಲಿಲ್ಲ, ನನಗೆ ಅದೇ ಜಾಸ್ತಿ ನೋವಾಯಿತು.

ಆಮೇಲೆ ತಿಳಿಯಿತು, ನನಗೆ ಖುಷಿ ಕೊಟ್ಟ ಆ ವಿಜಿಎ ಪೋರ್ಟೇ ಸುಳಿವು ಅಂತ. 1050 ಟಿಐ ಚಿಪ್ಪಿನಿಂದ ವಿಜಿಎ ಸಿಗ್ನಲ್ ನೇರವಾಗಿ ಬರುವುದೇ ಇಲ್ಲ. ಆ ಪೋರ್ಟ್ ಕಂಡರೆ ಅನುಮಾನ ಪಡಿ. ಹಳೇ ಕಾರ್ಡ್ ಕೊಳ್ಳುವುದಾದರೆ ಎದುರಿಗೇ ಕಂಪ್ಯೂಟರ್‌ಗೆ ಹಾಕಿಸಿ, ಜಿಪಿಯು-ಝಡ್ ತೆರೆಸಿ, ಹತ್ತು ನಿಮಿಷ ಆಟ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಎರಡನೇ ಸಲ ನಾನು ಬಸ್ಸು ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಿ, ಹೀಗೇ ಮಾಡಿಸಿ ಕಾರ್ಡ್ ತಂದೆ. ಮಾನಿಟರ್‌ಗೆ ಎಚ್‌ಡಿಎಂಐನಿಂದ ವಿಜಿಎ ಮಾಡುವ ಕನ್ವರ್ಟರ್ ಕೂಡ ತಂದೆ. ಕಾರ್ಡಿನ ಡಿವಿಐ ಪೋರ್ಟಿಗೆ ಸಿಕ್ಕಿಸುವ, ಸಿಗ್ನಲ್ ಬದಲಿಸದ ಬರೀ ಪಿನ್ ಅಡಾಪ್ಟರ್ ಈ ಕಾರ್ಡಿಗೆ ಆಗುವುದಿಲ್ಲ.

ಕೂರಿಸುವುದು ಕಷ್ಟವಿಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಪೆಟ್ಟಿಗೆಯ ಕಬ್ಬಿಣ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ. ಪೆಟ್ಟಿಗೆಯ ಹಿಂಭಾಗದಲ್ಲಿ ಸ್ಲಾಟಿನ ಎದುರಿಗಿರುವ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ಸ್ಲಾಟಿಗೆ ನೇರವಾಗಿ ಒತ್ತಿ. ಕ್ಲಿಪ್ 'ಟಕ್' ಅಂದ ಮೇಲೆ ಭದ್ರ ಮಾಡಿ. ಪೆಟ್ಟಿಗೆ ತೆರೆದಾಗಲೇ ರ್‍ಯಾಮ್ ಕೂಡ ಹಾಕಿ. ಒಂದೇ 8 ಜಿಬಿಗಿಂತ 4ರ ಎರಡು ಒಳ್ಳೇದು, ಎರಡು ದಾರಿಯಲ್ಲಿ ಡೇಟಾ ಓಡುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ರ್‍ಯಾಮಿನ ಪಿನ್ ಬಿಡುತ್ತಾ? ನಮ್ಮದು ಕಪ್ಪಾಗಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ ತೆಗೆದೆ.

ಮಾನಿಟರ್ ಕೇಬಲ್ಲನ್ನು ಹೊಸ ಕಾರ್ಡಿಗೇ ಚುಚ್ಚಬೇಕು. ಮದರ್‌ಬೋರ್ಡಿನ ಹಳೇ ಜಾಗಕ್ಕೆ ಚುಚ್ಚಿ 'ಏನೂ ಬರ್ತಿಲ್ಲ' ಅಂತ ಗಾಬರಿಯಾಗುವವರು ತುಂಬಾ ಜನ. ಡ್ರೈವರ್ ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ. ಏಳೆಂಟು ನೂರು ಎಂಬಿ ಇರುತ್ತದೆ. ನಮ್ಮ ಕಡೆ ನೆಟ್‌ವರ್ಕ್‌ಗೆ ರಾತ್ರಿ ಹಾಕಿ ಮಲಗುವುದೇ ಸರಿ.

ಆಟ ಇನ್ನೂ ತಡವರಿಸಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿ. ಜಿಪಿಯು, ಅಂದರೆ ಕಾರ್ಡಿನ ಚಿಪ್, ಶೇಕಡಾ 100ರ ಹತ್ತಿರ ಇದ್ದರೆ ಆಟದ ಸೆಟ್ಟಿಂಗ್ಸ್‌ನಲ್ಲಿ ನೆರಳು, ರೆಸಲ್ಯೂಷನ್ ಇಳಿಸಿ. ಸಿಪಿಯು (ಪ್ರೊಸೆಸರ್) ತುಂಬಿದ್ದು ಜಿಪಿಯು 60ರಲ್ಲಿ ಇದ್ದರೆ ರೆಸಲ್ಯೂಷನ್ ಇಳಿಸಿ ಉಪಯೋಗವಿಲ್ಲ. ಆಗ ಬೀದಿಯಲ್ಲಿನ ಜನ, ವಾಹನ, ದೂರದ ನೋಟ ಕಮ್ಮಿ ಮಾಡಿ. ನಮ್ಮ ಮಾನಿಟರ್ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ಹಾಗಾಗಿ ಆಟದ ಫ್ರೇಮನ್ನು (ಸೆಕೆಂಡಿಗೆ ಮೂಡುವ ಚಿತ್ರ) 60ಕ್ಕೇ ಕಟ್ಟಿಹಾಕಿದೆ. ಕಾರ್ಡ್ ಬಿಸಿಯಾಗುವುದೂ ಕಮ್ಮಿಯಾಯಿತು, ಫ್ಯಾನ್ ಸದ್ದೂ ಇಳಿಯಿತು.

ಇನ್ನು ಸಿಡಿಲು. ಕಾಫಿ ಹೂವಿನ ಮಳೆ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಗುಡುಗು ಕೇಳಿದ ತಕ್ಷಣ ಆಟ ನಿಲ್ಲಿಸಿ ಪ್ಲಗ್ ಕೀಳಬೇಕು. ಇಂಟರ್‌ನೆಟ್ ವೈರನ್ನೂ ಕೀಳಬೇಕು, ಸಿಡಿಲು ಅದರಲ್ಲೂ ಬರುತ್ತದೆ. ಈಗ ಗುಡುಗಿದರೆ ಮಗ ನನಗಿಂತ ಮೊದಲು ಎದ್ದು ಎರಡನ್ನೂ ಕೀಳುತ್ತಾನೆ.