ಲಾಕ್‌ಡೌನ್ ಟೈಮಲ್ಲಿ ಉಪಕಾರ ನೆನೆಯೋ ಅಭ್ಯಾಸ ಮಾಡ್ಕೊಳ್ಳೋದು ಹೇಗೆ

2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಕರ್ನಾಟಕದಲ್ಲಿ ಏಪ್ರಿಲ್ 27ರಿಂದ ಮತ್ತೆ ಎಲ್ಲಾ ಬಂದ್ ಆಗಿತ್ತು, ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ, ಆಫೀಸು ಮನೇಲಿ, ಸ್ಕೂಲು ಮೊಬೈಲಲ್ಲಿ, ಫೋನ್ ರಿಂಗಾದ್ರೆ ಎದೆ ಧಸಕ್ ಅಂತಿತ್ತು. ಇಂಥ ಹೊತ್ತಲ್ಲಿ ಖುಷಿಯಾಗಿರಿ ಅಂತ ಯಾರಾದ್ರೂ ಉಪದೇಶ ಮಾಡಿದ್ರೆ ಸಿಟ್ಟೇ ಬರತ್ತೆ, ನಂಗೂ ಬರತ್ತೆ. ಆದ್ರೆ ನಮ್ಮ ದಿನ ಯಾರ ದೆಸೆಯಿಂದ ನಡೀತಿದೆ ಅಂತ ಗಮನಿಸೋಕೆ ಖುಷಿಯಾಗೇ ಇರ್ಬೇಕು ಅಂತೇನಿಲ್ಲ, ಬೇಜಾರಲ್ಲಿದ್ದಾಗ್ಲೂ ಆಗತ್ತೆ.

ದೊಡ್ಡ ಮಾತಿಂದ ಶುರು ಮಾಡ್ಬೇಡಿ. "ಜೀವ ಇದೆಯಲ್ಲ ಸಾಕು" ಅಂತ ಬರೆದ್ರೆ ಮಾರನೇ ದಿನ ಬರೆಯೋಕೆ ಏನೂ ಉಳಿಯಲ್ಲ. ಮನೇಲಿರೋ ಒಂದು ಸಣ್ಣ ವಸ್ತು ತಗೊಂಡು ಅದು ಇಲ್ಲಿಗೆ ಹೇಗೆ ಬಂತು ಅಂತ ಹಿಂದೆ ಹಿಂದೆ ಹೋಗಿ. ಹಾಲನ್ನೇ ತಗೊಳ್ಳಿ. ಬಾಗಿಲಿಗೆ ನೇತಾಕಿರೋ ಚೀಲದಲ್ಲಿ ಆಗ್ಲೂ ಬೆಳಿಗ್ಗೆ ನಂದಿನಿ ಪ್ಯಾಕೆಟ್ ಇರ್ತಿತ್ತು, ಅದಕ್ಕೆ ಮುಂಚೆ ಯಾವ್ದೋ ಹಳ್ಳೀಲಿ ಒಬ್ರು ನಸುಕಲ್ಲೆದ್ದು ಹಸು ಕರೆದು ಕ್ಯಾನ್ ಹಿಡ್ಕೊಂಡು ಡೈರಿ ಮುಂದೆ ದೂರ ದೂರ ಕ್ಯೂ ನಿಂತಿರ್ತಿದ್ರು, ಡೈರಿ ಸೆಕ್ರೆಟರಿ ಫ್ಯಾಟ್ ನೋಡಿ ಅಳೆದು ಹಾಕಿಸ್ಕೊಂಡಿರ್ತಿದ್ರು, ಟ್ಯಾಂಕರ್ ಡ್ರೈವರ್ ಊರೆಲ್ಲಾ ಮುಚ್ಚಿರೋವಾಗ ರಸ್ತೇಲಿ ಟೀ ಕೂಡ ಸಿಗದೆ ಗಾಡಿ ಓಡಿಸ್ಕೊಂಡು ಬಂದಿರ್ತಿದ್ದ, ಕೊನೆಗೆ ನಮ್ಮ ಬೀದಿಯ ಹಾಲಿನ ಹುಡುಗ. ಮಗಳಿಗೆ ಇದನ್ನೆಲ್ಲಾ ಹೇಳ್ತಿದ್ರೆ "ಹಸುಗೆ ಲಾಕ್‌ಡೌನ್ ಇಲ್ವಾ ಅಮ್ಮ" ಅಂದ್ಲು. ಇಲ್ಲ ಕಂದ, ಒಂದು ಹೊತ್ತು ಕರೀದೆ ಬಿಟ್ರೂ ಅದಕ್ಕೆ ನೋವಾಗತ್ತೆ. 2020ರ ಲಾಕ್‌ಡೌನಲ್ಲಿ ಹೋಟ್ಲುಗಳು ಮುಚ್ಚಿ ಹಾಲು ಮಿಕ್ಕಿದಾಗ ಸರ್ಕಾರ ಅದನ್ನ ಕೊಂಡು ಸ್ಲಮ್ಮುಗಳಲ್ಲಿ ಫ್ರೀಯಾಗಿ ಹಂಚಿದ್ದು ನೆನಪಿದೆಯಲ್ಲ, ಆ ದಿನಗಳಲ್ಲೂ ಹಳ್ಳಿಯವ್ರು ಕರೆಯೋದು ನಿಲ್ಲಿಸಿರ್ಲಿಲ್ಲ.

ಬರೆದಿಡೋಕೆ ಹೊಸ ಡೈರಿ ಏನೂ ಬೇಡ. ಗೋಡೆ ಕ್ಯಾಲೆಂಡರಲ್ಲಿ ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ ಗೀಚ್ತೀವಲ್ಲ, ಅದೇ ಚೌಕದಲ್ಲಿ ಒಂದು ಸಾಲು ಬರೀರಿ. ದಿನಾ ಬರೀಲೇಬೇಕು ಅಂತಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಾಬರ್ಟ್ ಎಮ್ಮನ್ಸ್, ಮೈಕಲ್ ಮೆಕಲಾ ಅನ್ನೋ ಅಮೆರಿಕದ ಸಂಶೋಧಕರು ಕಾಲೇಜು ಹುಡುಗ್ರಿಂದ ವಾರಕ್ಕೊಂದ್ಸಲ ಐದರವರೆಗೆ ಇಂಥ ವಿಷಯ ಬರೆಸಿದ್ರು, ತಾಪತ್ರಯಗಳನ್ನ ಪಟ್ಟಿ ಮಾಡಿದವ್ರಿಗಿಂತ ಇವ್ರಿಗೆ ತಮ್ಮ ಬದುಕಿನ ಬಗ್ಗೆ ಸಮಾಧಾನ ಹೆಚ್ಚಿತ್ತಂತೆ. ಭಾನುವಾರ ಸಂಜೆ ಸಾಕು. ಆದ್ರೆ "ಅಕ್ಕಪಕ್ಕದವ್ರು ಒಳ್ಳೇವ್ರು" ಅಂತ ಬರೆದ್ರೆ ಪ್ರಯೋಜನ ಇಲ್ಲ, ಯಾರು, ಏನು, ಯಾವಾಗ ಅಂತ ಬರೀಬೇಕು. ನಂಗೆ ಜ್ವರ ಬಂದು ರೂಮೊಳಗೆ ಬಿದ್ಕೊಂಡಿದ್ದಾಗ ಎದುರುಮನೆ ಆಂಟಿ ಸ್ಟೀಲ್ ಡಬ್ಬೀಲಿ ಮೆಣಸಿನ ಸಾರು ತಂದು, ಹೊಸ್ತಿಲಲ್ಲಿಟ್ಟು, ಬೆಲ್ ಒತ್ತಿ, ಗೇಟ್ ಆಚೆ ನಿಂತು "ಬಿಸಿ ಇದೆ ಕಣಮ್ಮ, ಹಾಗೇ ಕುಡಿ" ಅಂತ ಕೂಗಿದ್ರು. ಬರೆದ್ರೆ ಹೀಗೆ ಬರೀಬೇಕು.

ಬರೆದ್ಮೇಲೆ ಅವ್ರಿಗೆ ಹೇಳಿ. ನಮ್ ಕಡೆ ಮನೆಯವ್ರಿಗೆ, ಪಕ್ಕದವ್ರಿಗೆ ಥ್ಯಾಂಕ್ಸ್ ಅಂದ್ರೆ ಅವ್ರಿಗೇ ಮುಜುಗರ, "ಅಯ್ಯೋ ಅದೇನ್ ಮಹಾ" ಅಂತಾರೆ. ಅದಕ್ಕೆ ಆಗಿದ್ದನ್ನೇ ಹೇಳಿ, "ಆಂಟಿ, ಬಾಯಿಗೆ ಏನೂ ರುಚಿ ಗೊತ್ತಾಗ್ತಿರ್ಲಿಲ್ಲ, ನಿಮ್ಮ ಸಾರು ಇದ್ದಿದ್ರಿಂದ ಅವತ್ತು ಎರಡು ತುತ್ತು ಅನ್ನ ಇಳೀತು" ಅಂತ. ಫೋನಲ್ಲೇ ಹೇಳಿ, ಮೆಸೇಜ್ ಸಾಲ್ದು.

ಮನೆಯೊಳಗಿನ ಉಪಕಾರಕ್ಕೆ ಮಾತೂ ಸಾಲ್ದು, ಕೈ ಹಾಕಬೇಕು. ನಮ್ಮೆಜಮಾನ್ರು ಮನೇಲಿ ಕೂತು ಕೆಲಸ ಮಾಡೋಕೆ ಶುರು ಮಾಡಿದ್ಮೇಲೇ ಅವ್ರಿಗೆ ಅತ್ತೆ ಬೆಳಿಗ್ಗೆಯಿಂದ ಎಷ್ಟು ಸಲ ಒಲೆ ಮುಂದೆ ನಿಲ್ತಾರೆ ಅಂತ ಕಣ್ಣಿಗೆ ಬಿದ್ದಿದ್ದು, ಈಗ ಮಧ್ಯಾಹ್ನದ ಪಾತ್ರೆ ಪೂರ್ತಿ ಅವ್ರದ್ದೇ.

ಒಂದು ವಿಷಯ ಮಾತ್ರ ದಯವಿಟ್ಟು ಮಾಡ್ಬೇಡಿ. ಸಾವಾಗಿರೋ ಮನೇಲಿ, ಕೆಲಸ ಹೋದವ್ರ ಹತ್ರ "ಇರೋದನ್ನ ನೆನೆದು ಸಮಾಧಾನ ಮಾಡ್ಕೊಳ್ಳಿ" ಅನ್ಬೇಡಿ. ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ ತಮ್ಮವ್ರನ್ನ ಕಳ್ಕೊಂಡವ್ರಿಗೆ ಯಾವ ಬಾಯಲ್ಲಿ ಹಾಗಂತೀರಿ? ಸುಮ್ನೆ ಕೂತು ಅವ್ರು ಹೇಳೋದನ್ನ ಕೇಳಿಸ್ಕೊಳ್ಳಿ. ನಿಮಗೇ ನಿದ್ದೆ ಊಟ ಸೇರ್ತಿಲ್ಲ ಅಂದ್ರೆ ಬರೆಯೋದೆಲ್ಲಾ ಪಕ್ಕಕ್ಕಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಮಾತಾಡಿ.

ಇನ್ನು ದುಡಿಯೋರ ವಿಷಯ. 2020ರ ಮಾರ್ಚ್ 22ರಂದು ಕೊರೊನಾ ಕೆಲಸದಲ್ಲಿದ್ದವ್ರಿಗೆ ಅಂತ ಎಲ್ರೂ ಚಪ್ಪಾಳೆ ತಟ್ಟಿದ್ವಿ, ಅದೇ ಜುಲೈಯಲ್ಲಿ ನಮ್ಮ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಮುಷ್ಕರಕ್ಕೆ ಇಳೀಬೇಕಾಯ್ತು. ಗುಲಾಬಿ ಸೀರೇಲಿ ಬಾಗಿಲಿಗೆ ಬರೋರ ಹತ್ರ ಮುಖ ಕೊಟ್ಟು ಮಾತಾಡಿ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಿ, ನೀರು ಬೇಕಾ ಅಂತ ಕೇಳಿ. ಮನೆಕೆಲಸದವ್ರು ಬರೋಕಾಗದೆ ಇರೋ ತಿಂಗಳೂ ಪೂರ್ತಿ ಸಂಬಳ ಕೊಡಿ, ಕಟ್ ಮಾಡ್ಬೇಡಿ. 2021ರಲ್ಲಿ ಸ್ಮಾರ್ಟ್ ಫೋನ್ ಇಲ್ಲದ ವಾಚ್‌ಮನ್, ಹೂವಿನಮ್ಮ ಇದ್ರೆ ಅವ್ರ ಆಧಾರ್ ಕಾರ್ಡ್ ನೋಡ್ಕೊಂಡು ಕೊರೊನಾ ಲಸಿಕೆಯ ವೆಬ್‌ಸೈಟ್ ಕೋವಿನ್‌ನಲ್ಲಿ ನಾವೇ ರಿಜಿಸ್ಟರ್ ಮಾಡ್ಕೊಡ್ಬಹುದಿತ್ತು, ಆಗ ಒಂದು ಮೊಬೈಲ್ ನಂಬರಲ್ಲಿ ನಾಲ್ಕು ಜನರ ಹೆಸ್ರು ಹಾಕ್ಬಹುದಿತ್ತು, ಸ್ಲಾಟ್ ಸಿಕ್ಕ ದಿನ, ಜಾಗ, ಟೈಮು ಎಲ್ಲಾ ಕನ್ನಡದಲ್ಲಿ ಒಂದು ಚೀಟಿ ಮೇಲೆ ಬರೆದು ಕೈಗೆ ಕೊಡ್ಬಹುದಿತ್ತು.